ಶಾರ್ಕ್ ಮರಳಿದ ಕೊಲ್ಲಿಗೆ ಹವಳವೂ ಮರಳಿತೇ?

ಪ್ರಶ್ನೆ: “ನಾನು ಮೈಸೂರಿನವನು. 2016ರ ಜನವರಿಯಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಸ್ಕೂಬಾ ಡೈವಿಂಗ್ ಕಲಿತೆ. 2024ರ ಮೇ ತಿಂಗಳಲ್ಲಿ ಹೆಂಡತಿಯೊಂದಿಗೆ ಅದೇ ಜಾಗದಲ್ಲಿ ಮತ್ತೆ ನೀರಿಗಿಳಿದೆ. ಹಿಂದೆ ಕಂಡಿದ್ದ ಕವಲು ಹವಳಗಳಲ್ಲಿ ಕೆಲವು ಅಚ್ಚ ಬಿಳಿಯಾಗಿದ್ದವು, ಕೆಲವದರ ಮೇಲೆ ಕಂದು ಪಾಚಿ ಹತ್ತಿತ್ತು, ಮುರಿದ ತುಂಡುಗಳೂ ಬಿದ್ದಿದ್ದವು. ಮೀನುಗಳು ಮಾತ್ರ ಸಾಕಷ್ಟಿದ್ದವು. ನಮ್ಮಂಥ ಪ್ರವಾಸಿಗರಿಂದಲೇ ಹೀಗಾಗಿದೆ, ಇನ್ನು ಹೋಗುವುದೇ ಬೇಡ ಎನ್ನುತ್ತಾಳೆ ಹೆಂಡತಿ. ಥಾಯ್ಲೆಂಡಿನ ಮಾಯಾ ಕೊಲ್ಲಿಯನ್ನು ಮೂರೂವರೆ ವರ್ಷ ಮುಚ್ಚಿದ್ದರಿಂದ ಅದು ಪೂರ್ತಿ ಚೇತರಿಸಿಕೊಂಡಿತೆಂದೂ, ಲಾಕ್‌ಡೌನ್ ಕಾಲದಲ್ಲಿ ಸಮುದ್ರ ಎಲ್ಲೆಡೆ ತಾನಾಗಿಯೇ ಸುಧಾರಿಸಿತೆಂದೂ ಓದಿದ್ದೇನೆ. ಬರುವ ಜನವರಿಯಲ್ಲಿ ಗೆಳೆಯರು ಫೀಫೀ ದ್ವೀಪಗಳಿಗೆ ಹೊರಟಿದ್ದಾರೆ. ಅಲ್ಲಿಯ ಒಂದು ಪ್ಯಾಕೇಜಿನಲ್ಲಿ, ಹೆಚ್ಚುವರಿ ಹಣ ಕೊಟ್ಟರೆ ನಮ್ಮ ಕೈಯಿಂದಲೇ ಹವಳ ನೆಡಿಸುತ್ತಾರಂತೆ. ಹೋಗಬಹುದೇ? ಹವಳ ನೆಡುವುದರಿಂದ ನಿಜವಾಗಿ ಪ್ರಯೋಜನವಿದೆಯೇ? ಸುಮ್ಮನೆ ಬಿಟ್ಟರೆ ಸಮುದ್ರ ತಾನೇ ಸರಿಹೋಗುವುದಿಲ್ಲವೇ?”

ಉತ್ತರ: ಪ್ರೀತಿಯಿಂದ ನೋಡಲು ಹೋದ ಜಾಗವನ್ನು ನಾವೇ ಹಾಳುಮಾಡಿದೆವೇ ಎಂಬ ಆತಂಕ ನಿಮ್ಮ ಪತ್ರದ ಉದ್ದಕ್ಕೂ ಕಾಣುತ್ತದೆ. ಹವಳದ ದಿಬ್ಬಗಳನ್ನು, ಅಂದರೆ ರೀಫ್‌ಗಳನ್ನು, ಅಧ್ಯಯನ ಮಾಡುವ ನನ್ನ ವೃತ್ತಿಯಲ್ಲಿ ಡೈವರ್‌ಗಳಿಂದ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಹೆದರಿ ಹೋಗಿದ್ದ ಮೀನು ಮರಳಿ ಬರುವುದು, ಮೀನಿನ ಒಟ್ಟು ಸಂಪತ್ತು ಹೆಚ್ಚುವುದು, ಸತ್ತ ಜಾಗದಲ್ಲಿ ಎಳೆಯ ಹವಳ ಹಬ್ಬುವುದು, ಹಳೆಯ ದಿಬ್ಬದ ಎತ್ತರ ಮತ್ತು ಸಂದುಗೊಂದುಗಳು ಮತ್ತೆ ಕಟ್ಟಿಕೊಳ್ಳುವುದು, ಇವು ನಾಲ್ಕು ಪ್ರತ್ಯೇಕ ಘಟನೆಗಳು. ಮೊದಲನೆಯದಕ್ಕೆ ವಾರಗಳು ಸಾಕು, ಎರಡನೆಯದಕ್ಕೆ ಹಲವು ವರ್ಷ ಬೇಕು, ಮೂರನೆಯದಕ್ಕೆ ಸುಮಾರು ಒಂದು ದಶಕ, ನಾಲ್ಕನೆಯದಕ್ಕೆ ಒಬ್ಬ ಮನುಷ್ಯನ ಆಯುಷ್ಯವೂ ಸಾಲದೆ ಹೋಗಬಹುದು. ಸುದ್ದಿಗಳು ಹೆಚ್ಚಾಗಿ ಮೊದಲನೆಯದನ್ನು ಕಂಡು ನಾಲ್ಕೂ ಆಗಿವೆಯೆಂದು ಬರೆಯುತ್ತವೆ. ನಿಮ್ಮ ಗೊಂದಲಕ್ಕೆ ಮುಖ್ಯ ಕಾರಣ ಅದೇ ಎಂದು ನನಗನ್ನಿಸುತ್ತದೆ.

ಮೊದಲು ನೀವು ಮೇ ತಿಂಗಳಲ್ಲಿ ಕಂಡದ್ದೇನು ಎಂಬುದನ್ನು ನೋಡೋಣ. ಹವಳ ಒಂದು ಪ್ರಾಣಿ. ಅದರ ತೆಳು ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬಿಸಿಲಿನಿಂದ ತಯಾರಿಸುವ ಸಕ್ಕರೆಯೇ ಹವಳದ ಆಹಾರದ ಬಹುಪಾಲು, ಹವಳದ ಬಣ್ಣಕ್ಕೂ ಹೆಚ್ಚಿನಂಶ ಅವೇ ಕಾರಣ. ನೀರು ಅತಿಯಾಗಿ ಬಿಸಿಯಾದಾಗ ಈ ಪಾಚಿಗಳು ಹವಳಕ್ಕೆ ವಿಷಕಾರಿಯಾದ ವಸ್ತುಗಳನ್ನು ಉತ್ಪಾದಿಸತೊಡಗುತ್ತವೆ ಮತ್ತು ಹವಳ ಅವನ್ನು ಹೊರಹಾಕುತ್ತದೆ. ಆಗ ಪಾರದರ್ಶಕ ಅಂಗಾಂಶದ ಮೂಲಕ ಒಳಗಿನ ಸುಣ್ಣದ ಅಸ್ಥಿ ಕಾಣುವುದರಿಂದ ಹವಳ ಬಿಳಿಚಿಕೊಂಡಂತೆ ತೋರುತ್ತದೆ. ಬಿಳಿಚಿದ ಹವಳ ಸತ್ತಿದೆ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ. ಅದು ಹಸಿದಿದೆ, ದುರ್ಬಲವಾಗಿದೆ, ಆದರೆ ಬದುಕಿದೆ. ನೀರು ಬೇಗ ತಣಿದರೆ ಪಾಚಿಗಳನ್ನು ಮರಳಿ ಪಡೆದು ಕೆಲವು ವಾರಗಳಿಂದ ತಿಂಗಳುಗಳಲ್ಲಿ ಬಣ್ಣ ತುಂಬಿಕೊಳ್ಳಬಲ್ಲದು. ನೀವು ಕಂಡ ಅಚ್ಚ ಬಿಳಿಯ ಹವಳಗಳು ಈ ಗುಂಪಿನವಾಗಿರುವ ಸಾಧ್ಯತೆ ಹೆಚ್ಚು. ಕಂದು ಪಾಚಿ ಹತ್ತಿದ್ದವು ಮಾತ್ರ ಸತ್ತವು, ಏಕೆಂದರೆ ಜೀವಂತ ಅಂಗಾಂಶ ತನ್ನ ಮೇಲೆ ಪಾಚಿ ಬೆಳೆಯಲು ಬಿಡುವುದಿಲ್ಲ.

ಇದಕ್ಕೆ ಪ್ರವಾಸಿಗರು ನೇರ ಕಾರಣರಲ್ಲ. ಒಂದು ಜಾಗದ ವರ್ಷದ ಅತಿ ಬಿಸಿ ತಿಂಗಳಿನ ಸರಾಸರಿ ಉಷ್ಣತೆಗಿಂತ ನೀರು 1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಸುಮಾರು ನಾಲ್ಕು ವಾರ ಹಾಗೆಯೇ ನಿಂತರೆ ಹವಳಗಳು ಬಿಳಿಚತೊಡಗುತ್ತವೆ, ಎಂಟು ವಾರ ನಿಂತರೆ ವ್ಯಾಪಕವಾಗಿ ಸಾಯತೊಡಗುತ್ತವೆ ಎಂಬುದು ಉಪಗ್ರಹಗಳ ಮೂಲಕ ಸಮುದ್ರದ ಬಿಸಿಯನ್ನು ಗಮನಿಸುವ ಅಮೆರಿಕದ ನೋವಾ ಸಂಸ್ಥೆ ಬಳಸುವ ಲೆಕ್ಕ. ಇಂಥ ಬಿಸಿ ಜಗತ್ತಿನಾದ್ಯಂತ ಹರಡಿದ್ದು 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ, ಆಮೇಲೆ 2023ರಿಂದ. ಈ ನಾಲ್ಕನೆಯ ಸುತ್ತನ್ನು ನೋವಾ 2024ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಘೋಷಿಸಿತು. ನೀವು ಮೊದಲ ಸಲ ಇಳಿದದ್ದು 2016ರ ಬೇಸಿಗೆಗೆ ಸ್ವಲ್ಪ ಮೊದಲು, ಎರಡನೆಯ ಸಲ ಇಳಿದದ್ದು 2024ರ ಬಿಸಿ ತಿಂಗಳ ನಡುವೆ. ಹಾಗಾಗಿ ನಿಮ್ಮ ಎರಡು ನೋಟಗಳ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಸಮುದ್ರದ ಬಿಸಿಯದ್ದು. ಮುರಿದ ತುಂಡುಗಳ ವಿಷಯ ಬೇರೆ. ಅವು ಅಲೆಯ ಹೊಡೆತದಿಂದಲೂ ಮುರಿಯುತ್ತವೆ, ಲಂಗರಿನಿಂದಲೂ ಮುರಿಯುತ್ತವೆ, ಈಜಲು ನಾವು ಕಾಲಿಗೆ ತೊಡುವ ರೆಕ್ಕೆಯಂಥ ಫಿನ್‌ಗಳಿಂದಲೂ ಮುರಿಯುತ್ತವೆ. ಆ ಪಾಲು ನಮ್ಮ ಕೈಯಲ್ಲಿದೆ, ಅದಕ್ಕೆ ಮುಂದೆ ಬರುತ್ತೇನೆ.

ಈಗ ಮಾಯಾ ಕೊಲ್ಲಿಗೆ ಬರೋಣ. ಥಾಯ್ಲೆಂಡಿನ ಕ್ರಾಬಿ ಪ್ರಾಂತ್ಯಕ್ಕೆ ಸೇರಿದ ಫೀಫೀ ಲೇ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪದಲ್ಲಿ ಸುಣ್ಣದಕಲ್ಲಿನ ಕಡಿದಾದ ಗೋಡೆಗಳ ನಡುವೆ ಈ ಕೊಲ್ಲಿಯಿದೆ. ಹಾಲಿವುಡ್ ಚಲನಚಿತ್ರವೊಂದರ ಚಿತ್ರೀಕರಣ ಇಲ್ಲಿ ನಡೆದ ಮೇಲೆ ಜನ ಮುಗಿಬಿದ್ದರು. ಮುಚ್ಚುವ ಹೊತ್ತಿಗೆ ದಿನವೊಂದಕ್ಕೆ ಐದು ಸಾವಿರಕ್ಕೂ ಹೆಚ್ಚು ಮಂದಿ ಬರುತ್ತಿದ್ದರು, ಅವರನ್ನು ಹೊತ್ತ ವೇಗದ ಬೋಟುಗಳು ನೇರವಾಗಿ ಆಳವಿಲ್ಲದ ಕೊಲ್ಲಿಯೊಳಗೆ ನುಗ್ಗಿ ಹವಳದ ಮೇಲೆಯೇ ಲಂಗರು ಹಾಕುತ್ತಿದ್ದವು. ಪ್ರೊಪೆಲರ್‌ಗಳು ಎಬ್ಬಿಸಿದ ಮರಳು ಉಳಿದ ಹವಳದ ಮೇಲೆ ಕೂರುತ್ತಿತ್ತು. ಸರ್ಕಾರ 2018ರ ಜೂನ್ 1ರಂದು ಕೊಲ್ಲಿಯನ್ನು ಮೊದಲು ನಾಲ್ಕು ತಿಂಗಳಿಗೆಂದು ಮುಚ್ಚಿತು; ಅಷ್ಟು ಸಾಲದೆಂದು ಸ್ಪಷ್ಟವಾದಾಗ ಅವಧಿಯನ್ನು ಮುಂದುವರಿಸಿತು; ಕೊನೆಗೆ 2022ರ ಜನವರಿ 1ರಂದು ತೆರೆಯಿತು. ಕಪ್ಪು ತುದಿಯ ರೆಕ್ಕೆಯ ರೀಫ್ ಶಾರ್ಕ್‌ಗಳು ಕೊಲ್ಲಿಯ ಆಳವಿಲ್ಲದ ನೀರಿಗೆ ಮರಳಿದ್ದು ನಿಜ, ಅವು ಅಲ್ಲಿ ಗುಂಪಾಗಿ ಓಡಾಡುವ ದೃಶ್ಯಗಳೂ ನಿಜ. ಅದನ್ನು ಸಣ್ಣ ಸಾಧನೆಯೆಂದು ನಾನು ಹೇಳುವುದಿಲ್ಲ.

ಆದರೆ ಹವಳ ತಾನಾಗಿ ಮರಳಲಿಲ್ಲ. ಲಂಗರಿನಿಂದ ಪುಡಿಯಾದ ತಳದಲ್ಲಿ ಎಳೆಯ ಹವಳ ನೆಲೆಯೂರುವುದು ಬಹಳ ಕಷ್ಟ, ಏಕೆಂದರೆ ಪ್ರತಿ ಅಲೆಗೂ ಹೊರಳುವ ತುಂಡುಗಳ ಮೇಲೆ ಅಂಟಿದ ಮರಿ ಕೆಲವೇ ದಿನಗಳಲ್ಲಿ ಉಜ್ಜಿ ಸಾಯುತ್ತದೆ. ಆದ್ದರಿಂದ ಥಾಯ್ ವಿಜ್ಞಾನಿಗಳು ಮತ್ತು ಉದ್ಯಾನದ ಸಿಬ್ಬಂದಿ ಸಾವಿರಾರು ಹವಳದ ತುಂಡುಗಳನ್ನು ಕೈಯಿಂದ ನೆಟ್ಟರು. ಅದಕ್ಕಿಂತ ಮುಖ್ಯವಾದದ್ದು ತೆರೆದಾಗ ಜಾರಿಗೆ ತಂದ ನಿಯಮಗಳು. ಬೋಟುಗಳಿಗೆ ಕೊಲ್ಲಿಯೊಳಗೆ ಪ್ರವೇಶವಿಲ್ಲ; ದ್ವೀಪದ ಹಿಂಬದಿಯ ಲೋ ಸಮಾ ಕೊಲ್ಲಿಯಲ್ಲಿ ಇಳಿದು ನಡೆದು ಬರಬೇಕು; ಒಂದು ಗಂಟೆಯ ಸುತ್ತಿಗೆ 375 ಮಂದಿಯ ಮಿತಿ; ಕೊಲ್ಲಿಯಲ್ಲಿ ಈಜುವಂತಿಲ್ಲ; 2022ರಿಂದ ಮಳೆಗಾಲದಲ್ಲಿ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳ ವಿರಾಮ. ಮೂರೂವರೆ ವರ್ಷ ಮುಚ್ಚಿ, ಹಳೆಯ ರೀತಿಯಲ್ಲೇ ತೆರೆದಿದ್ದರೆ ಶಾರ್ಕ್‌ಗಳು ಒಂದು ಋತುವೂ ಉಳಿಯುತ್ತಿರಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೀಗೆ ಹೇಳಲು ಹವಾಯಿಯ ಒಂದು ಉದಾಹರಣೆಯಿದೆ. ಮಾವಿ ದ್ವೀಪದ ಬಳಿಯ ಮೊಲೊಕಿನಿ ಎಂಬ ಅರೆಮುಳುಗಿದ ಜ್ವಾಲಾಮುಖಿ ಬಾಯಿ, ಉಸಿರುಕೊಳವೆ ಕಚ್ಚಿ ನೀರ ಮೇಲ್ಮೈಯಲ್ಲಿ ತೇಲುತ್ತ ನೋಡುವ ಸ್ನಾರ್ಕೆಲಿಂಗ್‌ಗೆ ಹೆಸರಾದ ಜಾಗ. ಕೋವಿಡ್ ಕಾಲದಲ್ಲಿ ಅಲ್ಲಿಗೆ ದೋಣಿಗಳು ಬರುವುದು ನಿಂತಾಗ ಬೇಟೆಗಾರ ಮೀನುಗಳು ಆಳವಿಲ್ಲದ ನೀರಿಗೆ ಬಂದದ್ದನ್ನು ಸಂಶೋಧಕರು ದಾಖಲಿಸಿದರು. ಪ್ರವಾಸ ಮತ್ತೆ ಆರಂಭವಾದಾಗ ಅದೇ ಮೀನುಗಳು ಅಲ್ಲಿಂದ ಹೊರಟುಹೋದವು. ಅಂದರೆ ಮೀನು ಹೊಸದಾಗಿ ಹುಟ್ಟಿರಲಿಲ್ಲ, ಪಕ್ಕದ ಆಳದಿಂದ ಬಂದಿತ್ತು. ಲಾಕ್‌ಡೌನ್‌ನಲ್ಲಿ ಸಮುದ್ರ ತಾನೇ ಸುಧಾರಿಸಿತೆಂಬ ಕಥೆಗಳಲ್ಲಿ ಹೆಚ್ಚಿನವು ಇಂಥವೇ. ಹವಳವೊಂದು ಬೆಳೆಯಲು ಆ ಅವಧಿ ಏನೇನೂ ಸಾಲದು.

ಮೀನಿನ ಸಂಪತ್ತು ನಿಜವಾಗಿ ಹೆಚ್ಚಿದ ಜಾಗಗಳೂ ಇವೆ. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯದ್ವೀಪದ ಕಾಬೋ ಪುಲ್ಮೋದಲ್ಲಿ ಮೀನುಗಾರ ಕುಟುಂಬಗಳೇ ಒತ್ತಾಯಿಸಿ 1995ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿಸಿದವು, ಆಮೇಲೆ ತಾವೇ ಕಾವಲು ನಿಂತು ಮೀನು ಹಿಡಿಯುವುದನ್ನು ನಿಲ್ಲಿಸಿದವು. 1999ರಿಂದ 2009ರ ನಡುವೆ ಅಲ್ಲಿಯ ಮೀನಿನ ಒಟ್ಟು ತೂಕ 463 ಪ್ರತಿಶತ ಹೆಚ್ಚಿತು. ಇಲ್ಲಿ ನಿಲ್ಲಿಸಿದ್ದು ಮೀನುಗಾರಿಕೆಯನ್ನು, ಡೈವಿಂಗ್ ಅನ್ನು ಅಲ್ಲ ಎಂಬುದನ್ನು ಗಮನಿಸಬೇಕು. ಡೈವರ್‌ಗಳಿಂದ ಬರುವ ಆದಾಯವೇ ಆ ಊರನ್ನು ಉಳಿಸಿತು. ಫಿಲಿಪ್ಪೀನ್ಸ್‌ನಲ್ಲಿ ಇದರ ಇನ್ನೊಂದು ಮುಖವಿದೆ. ಸುಮಿಲೋನ್ ದ್ವೀಪದಲ್ಲಿ 1974ರಲ್ಲಿ ಮೀಸಲು ಪ್ರದೇಶ ಮಾಡಿ, ಜೀವವಿಜ್ಞಾನಿ ಏಂಜೆಲ್ ಅಲ್ಕಾಲಾ ಮತ್ತು ಅವರ ಸಹೋದ್ಯೋಗಿಗಳು ಅದರ ಫಲವನ್ನು ಅಳೆದರು. 1980ರ ದಶಕದ ನಡುವೆ ರಾಜಕೀಯ ಬದಲಾಗಿ ರಕ್ಷಣೆ ಕುಸಿದಾಗ ಹತ್ತು ವರ್ಷದ ಗಳಿಕೆ ಅಲ್ಪಕಾಲದಲ್ಲಿ ಕರಗಿತು, ಸುತ್ತಲಿನ ಮೀನುಗಾರರ ಬಲೆಗೆ ಬೀಳುವ ಮೀನೂ ಕಡಿಮೆಯಾಯಿತು. ನನ್ನ ಕ್ಷೇತ್ರದಲ್ಲಿ ಇದಕ್ಕಿಂತ ನೋವಿನ, ಇದಕ್ಕಿಂತ ಸ್ಪಷ್ಟವಾದ ಪ್ರಯೋಗ ಇನ್ನೊಂದಿಲ್ಲ.

ಇನ್ನು ಹವಳದ ಗಡಿಯಾರ. ಕವಲು ಹವಳಗಳು ಒಳ್ಳೆಯ ಸ್ಥಿತಿಯಲ್ಲಿ ವರ್ಷಕ್ಕೆ ಸುಮಾರು 10 ಸೆಂಟಿಮೀಟರ್ ಬೆಳೆಯುತ್ತವೆ, ಆದರೆ ಬಿಸಿಗೆ ಮೊದಲು ಸಾಯುವುದೂ ಅವೇ. ಗುಂಡು ಬಂಡೆಯಂತೆ ಕಾಣುವ ಹವಳಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಏರುತ್ತವೆ. ನಿಮ್ಮೆತ್ತರದ ಗುಂಡು ಹವಳವೊಂದು ಸತ್ತರೆ ಅದೇ ಗಾತ್ರದ್ದು ಬರಲು ಶತಮಾನಕ್ಕೂ ಹೆಚ್ಚು ಬೇಕೆಂಬುದು ಸರಳ ಲೆಕ್ಕ. ಆದರೂ ಒಟ್ಟು ಹೊದಿಕೆ, ಅಂದರೆ ತಳದಲ್ಲಿ ಜೀವಂತ ಹವಳ ಹಬ್ಬಿರುವ ಪಾಲು, ಬೇಗ ಮರಳಬಲ್ಲದು. ಪಶ್ಚಿಮ ಆಸ್ಟ್ರೇಲಿಯಾದ ತೀರದಿಂದ ಬಹುದೂರದಲ್ಲಿರುವ ಸ್ಕಾಟ್ ರೀಫ್‌ನಲ್ಲಿ 1998ರ ಬಿಸಿಗೆ ಹವಳ ಬಹುಪಾಲು ಸತ್ತಿತ್ತು. ಸುಮಾರು 12 ವರ್ಷಗಳಲ್ಲಿ ಅದು ಹಳೆಯ ಮಟ್ಟಕ್ಕೆ ಬಂತು. ಹೊರಗಿನಿಂದ ಮರಿಗಳು ಬರುವಷ್ಟು ಹತ್ತಿರದಲ್ಲಿ ಬೇರೆ ದಿಬ್ಬಗಳಿಲ್ಲದಿದ್ದರೂ ಇದು ಸಾಧ್ಯವಾದದ್ದು, ಅಲ್ಲಿ ಕೊಳಚೆಯಿಲ್ಲ, ಹೂಳಿಲ್ಲ, ಪಾಚಿ ಮೇಯುವ ಮೀನುಗಳನ್ನು ಹಿಡಿಯುವವರಿಲ್ಲ ಎಂಬ ಕಾರಣಕ್ಕೆ. ನಿಮ್ಮ ಕೊನೆಯ ಪ್ರಶ್ನೆಗೆ, ಅಂದರೆ ಸುಮ್ಮನೆ ಬಿಟ್ಟರೆ ಸರಿಹೋಗುವುದಿಲ್ಲವೇ ಎಂಬುದಕ್ಕೆ, ಇದೇ ಉತ್ತರ: ಎಲ್ಲರೂ ನಿಜವಾಗಿ ಬಿಟ್ಟರೆ, ಮತ್ತು ಒಂದು ದಶಕದಷ್ಟು ಕಾಲ ಇನ್ನೊಂದು ಬಿಸಿಯ ಹೊಡೆತ ಬೀಳದಿದ್ದರೆ, ಬಹುಮಟ್ಟಿಗೆ ಸರಿಹೋಗುತ್ತದೆ.

ಆ ಎರಡನೆಯ ಷರತ್ತೇ ಈಗ ಈಡೇರುತ್ತಿಲ್ಲ. ನಿಮ್ಮದೇ ಊರಾದ ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿ ದಿಬ್ಬಗಳನ್ನು 1998ರಿಂದ ಸತತವಾಗಿ ಗಮನಿಸಿದ್ದಾರೆ. ಆ ವರ್ಷ ಸುಮಾರು 37 ಪ್ರತಿಶತವಿದ್ದ ಹವಳದ ಹೊದಿಕೆ 2022ರಲ್ಲಿ ಸುಮಾರು 19 ಪ್ರತಿಶತಕ್ಕೆ ಇಳಿದಿತ್ತು. ಅವರು ಕಂಡುಕೊಂಡದ್ದರಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ ಇಳಿಕೆಯಲ್ಲ. 1998, 2010, 2016ರ ಹೊಡೆತಗಳಲ್ಲಿ ಸಾಯುವ ಹವಳದ ಪ್ರಮಾಣ ಸಲದಿಂದ ಸಲಕ್ಕೆ ಕಡಿಮೆಯಾಗುತ್ತ ಬಂದಿದೆ, ಏಕೆಂದರೆ ಸೂಕ್ಷ್ಮವಾದವು ಮೊದಲೇ ಹೋಗಿವೆ. ಆದರೆ ಮರಳಿ ಬೆಳೆಯುವ ವೇಗವೂ ಕುಗ್ಗಿದೆ, ಬಿಸಿಯಿಲ್ಲದ ಸುಮಾರು ಆರು ವರ್ಷ ಕಳೆದ ಮೇಲೆಯೇ ಬೆಳವಣಿಗೆ ಗಮನಾರ್ಹವಾಗಿ ಚುರುಕಾಗುತ್ತದೆ. ಲಕ್ಷದ್ವೀಪದವರು ಮುಖ್ಯವಾಗಿ ತೆರೆದ ಸಮುದ್ರದಲ್ಲಿ ಗಾಳದಿಂದ ಟ್ಯೂನಾ ಹಿಡಿಯುವವರಾದ್ದರಿಂದ ದಿಬ್ಬದ ಗಿಳಿಮೀನುಗಳು ದಶಕಗಳ ಕಾಲ ಉಳಿದಿದ್ದವು, ಅವು ಪಾಚಿಯನ್ನು ಕೆರೆದು ಎಳೆಯ ಹವಳಕ್ಕೆ ಜಾಗ ಮಾಡಿಕೊಡುತ್ತಿದ್ದವು. ಅಷ್ಟು ಅನುಕೂಲವಿದ್ದ ಜಾಗದಲ್ಲೇ ಹೀಗಾದರೆ, ಕೊಳಚೆಯೂ ಲಂಗರೂ ಸೇರಿದ ಜಾಗದ ಗತಿಯನ್ನು ಊಹಿಸಬಹುದು. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳು ಮತ್ತೆ ವ್ಯಾಪಕವಾಗಿ ಬಿಳಿಚಿಕೊಂಡವು.

ಹಾಗಾದರೆ ಡೈವರ್‌ಗಳ ಪಾಲು ಎಷ್ಟು? ನಿಮ್ಮ ಹೆಂಡತಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಅಧ್ಯಯನ, ಒಂದು ಜಾಗದಲ್ಲಿ ವರ್ಷಕ್ಕೆ ಸುಮಾರು 4,000ದಿಂದ 6,000 ಡೈವ್‌ಗಳನ್ನು ಮೀರಿದರೆ ಹವಳಕ್ಕೆ ಕಣ್ಣಿಗೆ ಕಾಣುವಷ್ಟು ಹಾನಿಯಾಗುತ್ತದೆ ಎಂದು ಹೇಳಿತು. ಈ ಸಂಖ್ಯೆಯನ್ನು ಎಲ್ಲ ಜಾಗಕ್ಕೂ ಕಣ್ಣುಮುಚ್ಚಿ ಅನ್ವಯಿಸಲಾಗದು, ಮೊದಲ ಸಲ ನೀರಿಗಿಳಿಯುವವರೇ ಹೆಚ್ಚಿರುವ ಕಡೆ ಮಿತಿ ಇನ್ನೂ ಕೆಳಗಿರಬೇಕು. ಅದೇ ಕೆರಿಬಿಯನ್‌ನ ಸೇಂಟ್ ಲೂಸಿಯಾದಲ್ಲಿ ಡೈವರ್‌ಗಳನ್ನು ನೀರೊಳಗೆ ಹಿಂಬಾಲಿಸಿ ಗಮನಿಸಿದಾಗ, ಹತ್ತರಲ್ಲಿ ಏಳು ಮಂದಿಗಿಂತ ಹೆಚ್ಚಿನವರು ಒಮ್ಮೆಯಾದರೂ ಹವಳವನ್ನು ತಾಕಿಸಿದ್ದರು, ಅದೂ ಹೆಚ್ಚಾಗಿ ಫಿನ್‌ಗಳಿಂದ, ತಾಕಿದ್ದು ಅವರ ಗಮನಕ್ಕೇ ಬಾರದಂತೆ. ದೋಣಿಯಲ್ಲಿ ಕೊಡುವ ಸೂಚನೆಯಿಂದ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಗುಂಪನ್ನು ನಡೆಸುವ ಡೈವ್ ಮಾಸ್ಟರ್ ನೀರಿನೊಳಗೇ ಕೈಸನ್ನೆ ಮಾಡಿ ತಿದ್ದಿದಾಗ ತಾಕಿಸುವುದು ತೀವ್ರವಾಗಿ ಇಳಿಯಿತು. ಈ ಒಂದು ಫಲಿತಾಂಶವನ್ನು ನಾನು ತರಬೇತುದಾರರಿಗೆ ಪ್ರತಿ ಸಲವೂ ಒತ್ತಿ ಹೇಳುತ್ತೇನೆ, ಏಕೆಂದರೆ ಇದಕ್ಕೆ ಹಣ ಬೇಕಿಲ್ಲ, ಕಾನೂನು ಬೇಕಿಲ್ಲ, ಚಿಕ್ಕ ಗುಂಪುಗಳು ಮತ್ತು ಎಚ್ಚರದ ಕಣ್ಣು ಸಾಕು.

ಆದರೆ ಫಿನ್ ತಾಕುವುದಕ್ಕಿಂತ ದೊಡ್ಡ ಹಾನಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಾವು ಉಳಿದುಕೊಳ್ಳುವ ರೆಸಾರ್ಟಿನ ಕೊಳಚೆ ಎಲ್ಲಿಗೆ ಹೋಗುತ್ತದೆ, ಅದನ್ನು ಕಟ್ಟಲು ಅಗೆದ ಮಣ್ಣು ಮಳೆಗಾಲದಲ್ಲಿ ಎಲ್ಲಿ ಇಳಿಯುತ್ತದೆ, ರಾತ್ರಿ ನಮ್ಮ ತಟ್ಟೆಗೆ ಬಂದ ಮೀನು ಯಾವುದು ಎಂಬವು ಹೆಚ್ಚು ಭಾರದ ಪ್ರಶ್ನೆಗಳು. ಗೊಬ್ಬರದಂಶವಿರುವ ಕೊಳಚೆ ಸಿಕ್ಕರೆ ಪಾಚಿ ಹವಳಕ್ಕಿಂತ ವೇಗವಾಗಿ ಬೆಳೆಯುತ್ತದೆ. ಪಾಚಿ ಮೇಯುವ ಗಿಳಿಮೀನು ಅಡುಗೆಮನೆ ಸೇರಿದರೆ ಸತ್ತ ಹವಳದ ಮೇಲಿನ ಜಾಗ ಎಳೆಯ ಹವಳಕ್ಕೆ ಸಿಗುವುದೇ ಇಲ್ಲ. ಮಲೇಷ್ಯಾದ ಸಬಾ ತೀರದ ಸಿಪಾಡಾನ್ ದ್ವೀಪದಿಂದ 2004ರ ಕೊನೆಯ ಹೊತ್ತಿಗೆ ಎಲ್ಲ ರೆಸಾರ್ಟ್‌ಗಳನ್ನೂ ತೆರವುಗೊಳಿಸಿ, ಪಕ್ಕದ ದ್ವೀಪಗಳಲ್ಲಿ ಉಳಿದು ಹಗಲು ಬಂದು ಹೋಗುವವರಿಗೆ ದಿನಕ್ಕೆ 120 ಪರವಾನಗಿಗಳ ಮಿತಿ ಹಾಕಿದ್ದು ಈ ದೃಷ್ಟಿಯಿಂದ ಸರಿಯಾದ ಕ್ರಮ. ಆಮೇಲೆ ಆ ಸಂಖ್ಯೆಯನ್ನು ಏರಿಸಲಾಯಿತು, ಅದು ನನಗೆ ಸಮಾಧಾನ ತಂದಿಲ್ಲ.

ಸನ್‌ಸ್ಕ್ರೀನ್ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು. ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಲೇಪನಗಳ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ, ಥಾಯ್ಲೆಂಡ್ ಅದೇ ವರ್ಷ ತನ್ನ ಸಮುದ್ರದ ರಾಷ್ಟ್ರೀಯ ಉದ್ಯಾನಗಳಲ್ಲಿ ಹವಳಕ್ಕೆ ಹಾನಿಕರವಾದ ಲೇಪನಗಳ ಬಳಕೆಯನ್ನು ನಿಷೇಧಿಸಿತು. ಪ್ರಯೋಗಾಲಯದಲ್ಲಿ ಇವು ಹವಳದ ಮರಿಗಳಿಗೆ ಹಾನಿ ಮಾಡುವುದು ಕಂಡುಬಂದಿದೆ, ಆದರೆ ಬಿಸಿ ಮತ್ತು ಕೊಳಚೆಯ ಎದುರು ಇದು ಚಿಕ್ಕ ಕಾರಣ. ಉದ್ದ ತೋಳಿನ ಈಜು ಅಂಗಿ ತೊಟ್ಟರೆ ವಿಷಯ ಮುಗಿಯಿತು.

ಈಗ ಆಯ್ಕೆಗಳು. ಹೋಗುವುದೇ ಬೇಡ ಎಂಬುದು ಗೌರವಿಸಬೇಕಾದ ನಿರ್ಧಾರ, ಆದರೆ ಅದರಿಂದ ಸಮುದ್ರಕ್ಕೆ ಒಳಿತೇ ಆಗುತ್ತದೆ ಎಂಬ ಖಾತರಿಯಿಲ್ಲ. ಫಿಲಿಪ್ಪೀನ್ಸ್‌ನ ಆಪೊ ದ್ವೀಪದಲ್ಲಿ 1982ರಿಂದ ಊರವರೇ ಕಾಪಾಡಿಕೊಂಡು ಬಂದ ಮೀಸಲು ಪ್ರದೇಶಕ್ಕೆ ಡೈವರ್‌ಗಳ ಶುಲ್ಕ ದೊಡ್ಡ ಆಸರೆ. ಅಂಥ ಕಡೆ ಜನ ಬರುವುದು ನಿಂತರೆ ಕಾವಲಿನ ದೋಣಿಗೆ ಡೀಸೆಲ್ ಇರುವುದಿಲ್ಲ, ಡೈವ್ ಬೋಟು ಓಡಿಸುತ್ತಿದ್ದವನು ಮತ್ತೆ ದಿಬ್ಬದ ಮೇಲೆ ಬಲೆ ಬಿಡುತ್ತಾನೆ. ಆ ದ್ವೀಪದ ಮೀಸಲು ಭಾಗದ ಹವಳವನ್ನು 2011 ಮತ್ತು 2012ರ ಚಂಡಮಾರುತಗಳು ಬಹುಪಾಲು ಕಿತ್ತುಹಾಕಿದವು ಎಂಬುದನ್ನೂ ಹೇಳಬೇಕು. ಎಷ್ಟು ಚೆನ್ನಾಗಿ ಕಾದರೂ ಕೆಲವು ಹೊಡೆತಗಳನ್ನು ತಪ್ಪಿಸಲಾಗದು. ಆದ್ದರಿಂದ ನನ್ನ ಸಲಹೆ, ಹೋಗಿ, ಆದರೆ ಯಾವಾಗ ಮತ್ತು ಯಾರೊಂದಿಗೆ ಎಂಬುದನ್ನು ಆರಿಸಿ. ಅಂಡಮಾನ್ ಸಮುದ್ರದ ಎರಡೂ ಬದಿಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳು ನೀರು ಅತಿ ಬಿಸಿಯಾಗುವ ಕಾಲ. ಬಿಳಿಚಿಕೊಂಡ ಹವಳದ ಮೇಲೆ ಮರಳೆಬ್ಬಿಸುವುದು, ಅದನ್ನು ತಾಕುವುದು ಅದರ ಬದುಕುವ ಅವಕಾಶವನ್ನು ಇನ್ನಷ್ಟು ಕುಗ್ಗಿಸುತ್ತದೆ; 2010ರ ಬಿಸಿಯ ನಂತರ ಥಾಯ್ಲೆಂಡ್ 2011ರ ಜನವರಿಯಲ್ಲಿ 18 ಡೈವಿಂಗ್ ಜಾಗಗಳನ್ನು ಮುಚ್ಚಿದ್ದು ಇದೇ ಕಾರಣಕ್ಕೆ. ನಿಮ್ಮ ಜನವರಿ ಪ್ರವಾಸ ಕಾಲದ ದೃಷ್ಟಿಯಿಂದ ಸೂಕ್ತವಾಗಿಯೇ ಇದೆ. ಮಾಯಾ ಕೊಲ್ಲಿಯನ್ನು ದಡದಿಂದ ನೋಡಿ ಬನ್ನಿ, ಡೈವಿಂಗ್‌ಗೆ ಸುತ್ತಲಿನ ಬೇರೆ ಜಾಗಗಳಿವೆ. ಬುಕ್ ಮಾಡುವ ಮೊದಲು ಡೈವ್ ಅಂಗಡಿಯವರನ್ನು ಕೇಳಿ: ದೋಣಿಯನ್ನು ತಳಕ್ಕೆ ಭದ್ರಪಡಿಸಿದ, ನೀರಿನ ಮೇಲೆ ತೇಲುವ ಬೋಯ್‌ಗೆ ಕಟ್ಟುತ್ತೀರೋ, ಲಂಗರು ಬಿಡುತ್ತೀರೋ? ಒಬ್ಬ ಡೈವ್ ಮಾಸ್ಟರ್‌ಗೆ ಎಷ್ಟು ಮಂದಿ? ಹವಳ ತಾಕಿಸುವವರನ್ನು ನೀರಿನಲ್ಲೇ ತಡೆಯುತ್ತೀರೋ? ಮೀನಿಗೆ ಬ್ರೆಡ್ ಹಾಕುತ್ತೀರೋ? ಉತ್ತರ ಕೊಡಲು ಹಿಂಜರಿಯುವವರ ಬಳಿ ಹೋಗಬೇಡಿ. ನಿಮ್ಮ ಹೆಂಡತಿಯವರು ಹೊಸಬರಾಗಿದ್ದರೆ ಮೊದಲ ದಿನವನ್ನು ಹವಳವಿಲ್ಲದ ಮರಳು ತಳದ ಮೇಲೆ ತೇಲುವಿಕೆಯ ಹತೋಟಿ ಕಲಿಯಲು ಇಡಿ, ಇಬ್ಬರೂ ಕ್ಯಾಮೆರಾ ಬಿಟ್ಟು ಇಳಿಯಿರಿ.

ಹವಳ ನೆಡುವ ಪ್ಯಾಕೇಜಿನ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ನೆಡುವಿಕೆ ಸುಳ್ಳಲ್ಲ. ಇಂಡೋನೇಷ್ಯಾದ ದಕ್ಷಿಣ ಸುಲಾವೆಸಿಯಲ್ಲಿ ಹಿಂದೆ ಸಿಡಿಮದ್ದು ಹಾಕಿ ಮೀನು ಹಿಡಿದದ್ದರಿಂದ ಪುಡಿಯಾಗಿದ್ದ ತಳದ ಮೇಲೆ ಮರಳು ಲೇಪಿಸಿದ ಆರು ಕಾಲಿನ ಕಬ್ಬಿಣದ ಚೌಕಟ್ಟುಗಳನ್ನು ಹೆಣೆದು ಹವಳ ಕಟ್ಟಿದಾಗ, ನಾಲ್ಕು ವರ್ಷಗಳಲ್ಲಿ ಅದು ಆರೋಗ್ಯಕರ ದಿಬ್ಬದಷ್ಟೇ ವೇಗವಾಗಿ ಬೆಳೆಯುತ್ತಿತ್ತು ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿ ಸಿಡಿಮದ್ದು ನಿಂತಿತ್ತು, ಹೊರಳುವ ತುಂಡುಗಳನ್ನು ಚೌಕಟ್ಟು ಹಿಡಿದಿಟ್ಟಿತು, ನೀರು ಒಳ್ಳೆಯದಿತ್ತು. ಇದಕ್ಕೆ ಎದುರಾಗಿ 2023ರ ಜುಲೈನಲ್ಲಿ ಫ್ಲೋರಿಡಾದ ಸಾಂಬ್ರೆರೋ ರೀಫ್‌ನಲ್ಲಿ ವರ್ಷಗಳಿಂದ ನೆಟ್ಟು ಬೆಳೆಸಿದ ಹವಳಗಳು ಒಂದೂ ಬಿಡದೆ ಬಿಸಿಗೆ ಸತ್ತವು. ಜಗತ್ತಿನ ನೆಡುವಿಕೆ ಯೋಜನೆಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಅರ್ಧಕ್ಕಿಂತ ಹೆಚ್ಚಿನವು 18 ತಿಂಗಳಿಗೂ ಕಡಿಮೆ ಅವಧಿ ನಿಗಾ ಇಟ್ಟಿದ್ದವು ಎಂದು ತಿಳಿದುಬಂತು. ವನಮಹೋತ್ಸವದ ದಿನ ನೆಟ್ಟ ಸಸಿಗೆ ಮರುವರ್ಷ ನೀರೆರೆದವರಾರು ಎಂದು ನಾವು ಕೇಳುವಂತೆಯೇ ಇಲ್ಲಿಯೂ ಕೇಳಬೇಕು: ಎರಡು ವರ್ಷದ ಹಿಂದೆ ನೆಟ್ಟದ್ದರಲ್ಲಿ ಎಷ್ಟು ಬದುಕಿವೆ, ತುಂಡುಗಳನ್ನು ಎಲ್ಲಿಂದ ತರುತ್ತೀರಿ, ಈ ಜಾಗದಲ್ಲಿ ಮೊದಲಿನವು ಸತ್ತದ್ದೇಕೆ, ಆ ಕಾರಣ ಈಗ ನಿಂತಿದೆಯೇ, ಸರ್ಕಾರದ ಅನುಮತಿ ಇದೆಯೇ? ಜೀವಂತ ಹವಳದಿಂದ ಮುರಿದು ನೆಡುವವರು, ಒಂದೇ ಬಗೆಯ ಕವಲು ಹವಳವನ್ನು ನೂರಾರು ಕಡೆ ಚುಚ್ಚುವವರು, ತರಬೇತಿಯಿಲ್ಲದ ಪ್ರವಾಸಿಗರ ಕೈಗೆ ತಂತಿ ಮತ್ತು ಅಂಟು ಕೊಡುವವರು ಲಾಭಕ್ಕಿಂತ ಹಾನಿಯನ್ನೇ ಹೆಚ್ಚು ಮಾಡುತ್ತಾರೆ. ನೀವು ವಿವರಿಸಿದ ಪ್ಯಾಕೇಜಿನಲ್ಲಿ ಪ್ರಮಾಣಪತ್ರದ ಮಾತಿದೆಯೇ ಹೊರತು ನಿಗಾದ ಮಾತಿಲ್ಲವಾದರೆ, ಆ ಹಣವನ್ನು ಉದ್ಯಾನದ ಬೋಯ್‌ಗಳ ನಿರ್ವಹಣೆಗೋ ಕಾವಲಿಗೋ ಕೊಡುವುದು ಹೆಚ್ಚು ಉಪಯುಕ್ತ.

ಅಂಡಮಾನಿಗೆ ಮತ್ತೆ ಹೋಗುವಿರಾದರೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯನ್ನು ಆರಿಸಿಕೊಳ್ಳಿ. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಸರದಿಯಂತೆ ತೆರೆದು ಮುಚ್ಚುವ ಪದ್ಧತಿಯಿದೆ, ಅದು ಇನ್ನೂ ಹೆಚ್ಚು ಜಾಗಗಳಿಗೆ ಬರಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿಯೂ ಭಾರತದ ಬೇರೆಲ್ಲೂ ಸತ್ತ ಹವಳದ ತುಂಡನ್ನೂ ಎತ್ತಿಕೊಳ್ಳಬೇಡಿ. ಕಲ್ಲು ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ, ಚೀಲದಲ್ಲಿ ಸಿಕ್ಕರೆ ಅದು ಅಪರಾಧ.

ನೀವು ಎಲ್ಲೆಡೆಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದಾದ ಜಾಗ ನೇತ್ರಾಣಿ. ಮುರ್ಡೇಶ್ವರದ ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪದಲ್ಲಿ ಅಂಡಮಾನಿನಂತೆ ಎತ್ತರಕ್ಕೆ ಕಟ್ಟಿದ ದಿಬ್ಬಗಳಿಲ್ಲ, ಬಂಡೆಗಳ ಮೇಲೆ ಅಲ್ಲಲ್ಲಿ ಹಬ್ಬಿದ ಹವಳವಿದೆ, ಅದರ ನಡುವೆ ಮೀನಿನ ಸಮೃದ್ಧಿಯಿದೆ. ಜೂನ್ ಮತ್ತು ಜುಲೈನ 61 ದಿನಗಳ ಮೀನುಗಾರಿಕೆ ನಿಷೇಧ ಹಾಗೂ ಮಳೆಗಾಲದ ಅಬ್ಬರ ಸೇರಿ ಡೈವಿಂಗ್‌ಗೂ ಬೋಟುಗಳಿಗೂ ಅಲ್ಲಿ ಪ್ರತಿ ವರ್ಷ ಒಂದು ವಿರಾಮ ಸಿಗುತ್ತದೆ. ಉಳಿದ ತಿಂಗಳುಗಳಲ್ಲಿ ಮೊದಲ ಸಲ ನೀರಿಗಿಳಿಯುವವರು ಒಂದೇ ಬಂಡೆಯ ಸುತ್ತ ಸೇರುತ್ತಾರೆ. ಅಲ್ಲಿ ಇಳಿದಾಗ ತೆಗೆದ ಚಿತ್ರಗಳನ್ನು ದಿನಾಂಕ, ಆಳ, ಬಂಡೆಯ ಗುರುತಿನೊಂದಿಗೆ ಜೋಪಾನವಾಗಿಡಿ, ಮುಂದಿನ ಸಲ ಅದೇ ಕೋನದಿಂದ ಮತ್ತೆ ತೆಗೆಯಿರಿ, ಡೈವ್ ಕಂಪ್ಯೂಟರ್ ತೋರಿಸುವ ನೀರಿನ ಉಷ್ಣತೆಯನ್ನೂ ಬರೆದಿಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್ ವಾಚ್ ಯೋಜನೆಯ ಬಣ್ಣದ ಪಟ್ಟಿಯನ್ನು ಹವಳದ ಪಕ್ಕ ಹಿಡಿದು ಅದರ ಬಣ್ಣವನ್ನು ಅಂಕಿಯಲ್ಲಿ ಗುರುತಿಸುವುದನ್ನು ಯಾವ ಡೈವರ್ ಆದರೂ ಒಂದು ಗಂಟೆಯಲ್ಲಿ ಕಲಿಯಬಹುದು. ನಿಮ್ಮ ಗೆಳೆಯರ ಗುಂಪು ಪ್ರತಿ ವರ್ಷ ಅಕ್ಟೋಬರ್ ಕೊನೆಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಒಂದೇ ಬಂಡೆಯ ಮೇಲೆ ಇದನ್ನು ಮಾಡಿ ಅಲ್ಲಿಯ ಡೈವ್ ಅಂಗಡಿಯವರನ್ನೂ ಜೊತೆಗೆ ಸೇರಿಸಿಕೊಂಡರೆ, ಐದಾರು ವರ್ಷಗಳ ನಂತರ ನೇತ್ರಾಣಿಯ ಬಗ್ಗೆ ಕೇಳುವವರಿಗೆ ಊಹೆಯ ಬದಲು ದಾಖಲೆ ತೋರಿಸಬಹುದು.